ರಿಗ್ ಗಾಡಿ ಬರುವುದಕ್ಕೆ ಮುಂಚೆ

ಪ್ರಶ್ನೆ: ನಮ್ಮದು ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿ. ಮೂರು ಎಕರೆ ಅಡಿಕೆ ತೋಟವಿದೆ. ಎರಡು ಎಕರೆಯಲ್ಲಿ ಹದಿನೈದು ವರ್ಷದ ಮರಗಳು, ಒಂದು ಎಕರೆಯಲ್ಲಿ ಮೂರು ವರ್ಷದ ಸಸಿಗಳು. ಇರುವುದು 420 ಅಡಿಯ ಒಂದೇ ಕೊಳವೆಬಾವಿ. ಐದು ವರ್ಷದ ಹಿಂದೆ ಎರಡೂವರೆ ಇಂಚು ಇದ್ದ ನೀರು ಈಗ ಒಂದೂವರೆ ಇಂಚಿಗೆ ಇಳಿದಿದೆ, ಮಧ್ಯೆ ಮಧ್ಯೆ ಗ್ಯಾಪು ಕೊಡುತ್ತದೆ. ಡ್ರಿಪ್ಪರ್‌ಗಳು ಕಟ್ಟಿಕೊಂಡಿದ್ದರಿಂದ ಕಿತ್ತುಹಾಕಿ ಈಗ ಬುಡಕ್ಕೆ ಹರಿನೀರು ಬಿಡುತ್ತಿದ್ದೇವೆ. ತೆಂಗಿನಕಾಯಿ ಹಿಡಿದು ನೀರು ನೋಡುವವರು ಬಂದು ಹಳೆಯ ಬೋರಿನಿಂದ ಅರವತ್ತು ಅಡಿ ದೂರದಲ್ಲಿ ಪಾಯಿಂಟ್ ಮಾಡಿ, 800 ಅಡಿ ಹೋದರೆ ಮೂರು ಇಂಚು ಖಚಿತ ಎಂದಿದ್ದಾರೆ. ಬೋರು ಕೊರೆಯುವ ರಿಗ್ ಗಾಡಿ ಪಕ್ಕದ ಊರಿನಲ್ಲಿಯೇ ಇದೆ, ನಾಡಿದ್ದು ಬರುತ್ತದಂತೆ, ಬೇಗ ಹೇಳದಿದ್ದರೆ ಮುಂದೆ ಹೋಗುತ್ತದಂತೆ. ಅಪ್ಪಾಜಿ ಮೂರು ಲಕ್ಷ ಸಾಲಕ್ಕೆ ಮಾತಾಡಿದ್ದಾರೆ. ಈ ಪಾಯಿಂಟ್ ಸರಿಯೇ, ಬೇರೆ ಕಡೆ ಕೊರೆಸಬೇಕೇ, ದಯವಿಟ್ಟು ಬೇಗ ತಿಳಿಸಿ.

ಉತ್ತರ: ನಿಮ್ಮ ಪತ್ರದಲ್ಲಿ "ಬೇಗ" ಎಂಬ ಮಾತು ಎರಡು ಸಲ ಬಂದಿದೆ. ಪಾಯಿಂಟಿನ ವಿಷಯಕ್ಕೆ ಬರುವ ಮೊದಲು ಈ ಮಾತನ್ನೇ ಸ್ವಲ್ಪ ನೋಡೋಣ. ನಾಡಿದ್ದು ಎಂಬ ಗಡುವು ನಿಮ್ಮ ತೋಟದ್ದಲ್ಲ, ಗಾಡಿಯದು. ಪಕ್ಕದ ಊರಿನಿಂದ ನೇರವಾಗಿ ನಿಮ್ಮ ಹೊಲಕ್ಕೆ ಬಂದರೆ ಅವರಿಗೆ ಡೀಸೆಲ್ ಉಳಿಯುತ್ತದೆ, ಏಜೆಂಟರಿಗೆ ಒಂದೇ ಓಡಾಟದಲ್ಲಿ ಎರಡು ಕೆಲಸ ಮುಗಿಯುತ್ತದೆ; ಅದರಲ್ಲಿ ತಪ್ಪೇನಿಲ್ಲ, ಅದು ಅವರ ವ್ಯಾಪಾರ. ಆದರೆ ಹದಿನೈದು ವರ್ಷದ ಅಡಿಕೆ ಮರ ಹತ್ತು ದಿನ ಅರೆನೀರಿನಲ್ಲಿದ್ದ ಮಾತ್ರಕ್ಕೆ ಸಾಯುವುದಿಲ್ಲ, ಮೂರು ಲಕ್ಷದ ಸಾಲವಾದರೋ ಹತ್ತು ದಿನದಲ್ಲಿ ತೀರುವುದಿಲ್ಲ. ಆದ್ದರಿಂದ ನನ್ನ ಉತ್ತರದ ಮೊದಲ ಮಾತು ಇಷ್ಟೇ: ನಾಡಿದ್ದು ಗಾಡಿ ಬೇಡ. ಬೋರೇ ಬೇಡ ಎಂದು ನಾನು ಹೇಳುತ್ತಿಲ್ಲ. ಹತ್ತು ದಿನಗಳ ಮೇಲೂ ಬೇಕೆಂದು ಕಂಡರೆ ಕೊರೆಸಿ. ಈ ಸೀಮೆಯಲ್ಲಿ ರಿಗ್ ಗಾಡಿಗೆ ಎಂದೂ ಬರ ಬಂದಿಲ್ಲ.

ನೀವು ಕೇಳಿರುವುದು "ಎಲ್ಲಿ ಕೊರೆಯಬೇಕು" ಎಂದು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದಾವಣಗೆರೆ, ಚಿತ್ರದುರ್ಗದ ಹೊಲಗಳಲ್ಲಿ ಅಂತರ್ಜಲದ ಕೆಲಸ ಮಾಡಿರುವ ನನಗೆ ಜನ ಮೊದಲು ಕೇಳುವುದೇ ಈ ಪ್ರಶ್ನೆಯನ್ನು, ಮತ್ತು ಇದು ಯಾವಾಗಲೂ ನಾಲ್ಕನೆಯದೋ ಐದನೆಯದೋ ಆಗಬೇಕಾದ ಪ್ರಶ್ನೆ. ಅದಕ್ಕಿಂತ ಮುಂಚೆ ಕೇಳಬೇಕಾದವು ಬೇರೆ ಇವೆ: ಈಗ ನಿಜವಾಗಿ ಎಷ್ಟು ನೀರು ಬರುತ್ತಿದೆ, ಕಡಿಮೆಯಾಗಿದ್ದು ಬಾವಿಯಲ್ಲೋ ಪಂಪಿನಲ್ಲೋ, ತೋಟಕ್ಕೆ ಬೇಕಾದದ್ದು ಎಷ್ಟು, ಅಷ್ಟು ನೀರು ನಿಮ್ಮ ನೆಲದಡಿ ಸೇರುತ್ತದೆಯೇ.

ಎಷ್ಟು ನೀರು ಎಂಬುದರಿಂದ ಆರಂಭಿಸುತ್ತೇನೆ, ಏಕೆಂದರೆ ನಮ್ಮ ಕಡೆ ಅತಿ ಹೆಚ್ಚು ಮೋಸ ಹೋಗುವುದು ಈ "ಇಂಚು" ಎಂಬ ಅಳತೆಯಲ್ಲಿ. ಇದು ಪೈಪಿನ ಇಂಚಲ್ಲ. ಬೋರು ಕೊರೆದ ಮೇಲೆ ಹೊರಬರುವ ನೀರನ್ನು ಇಂಗ್ಲಿಷಿನ "ವಿ" ಆಕಾರಕ್ಕೆ ಕತ್ತರಿಸಿದ ತಗಡಿನ ಮೇಲೆ ಹರಿಯಬಿಟ್ಟು, ಆ ಕಚ್ಚಿನಲ್ಲಿ ನೀರು ಎಷ್ಟು ಎತ್ತರಕ್ಕೆ ನಿಲ್ಲುತ್ತದೆ ಎಂದು ನೋಡುವ ಅಳತೆ. ನೀರು ಮೇಲೇರಿದಷ್ಟೂ ತಗಡಿನ ಬಾಯಿ ಅಗಲವಾಗುವುದರಿಂದ ಇಲ್ಲಿ ಎರಡು ಇಂಚು ಎಂದರೆ ಒಂದು ಇಂಚಿನ ಎರಡರಷ್ಟಲ್ಲ, ಐದೂವರೆ ಪಟ್ಟಿಗೂ ಹೆಚ್ಚು. ಲೆಕ್ಕ ಹಾಕಿದರೆ ಒಂದು ಇಂಚಿಗೆ ಗಂಟೆಗೆ ಸುಮಾರು 500 ಲೀಟರ್, ಒಂದೂವರೆಗೆ 1,400, ಎರಡಕ್ಕೆ 2,900, ಎರಡೂವರೆಗೆ 5,000, ಮೂರಕ್ಕೆ 8,000 ಲೀಟರ್ ಬರುತ್ತದೆ. ಈಗ ನಿಮ್ಮ ಪತ್ರವನ್ನು ಮತ್ತೊಮ್ಮೆ ಓದಿ. ಎರಡೂವರೆಯಿಂದ ಒಂದೂವರೆಗೆ ಇಳಿದಿದೆ, ಒಂದು ಇಂಚು ಹೋಯಿತು ಎಂದು ಬರೆದಂತಿದೆ. ಹೋಗಿರುವುದು ಒಂದು ಇಂಚಲ್ಲ. ನಾಲ್ಕು ಪಾಲಿನಲ್ಲಿ ಹತ್ತಿರ ಹತ್ತಿರ ಮೂರು ಪಾಲು ನೀರು ಹೋಗಿದೆ. ಇಷ್ಟು ದೊಡ್ಡ ಕುಸಿತಕ್ಕೆ ಒಂದು ಕಾರಣ ಇದ್ದೇ ಇರುತ್ತದೆ, ಆ ಕಾರಣ ತಿಳಿಯದೆ ಪಕ್ಕದಲ್ಲಿ ಇನ್ನೊಂದು ತೂತು ಕೊರೆದರೆ ಅದೇ ಕಾರಣ ಅಲ್ಲಿಗೂ ಬಂದು ಕೂರುತ್ತದೆ.

ಮತ್ತೊಂದು ಅನುಮಾನವೂ ನನಗಿದೆ. ಈ ಒಂದೂವರೆ ಇಂಚನ್ನು ಯಾರು ಅಳೆದರು? ಮೋಟರ್ ಇಳಿಸಿದ ಮೇಲೆ ತಗಡು ಇಟ್ಟು ಅಳೆಯುವವರು ನಮ್ಮಲ್ಲಿ ವಿರಳ. ಪೈಪಿನ ಬಾಯಿ ನೋಡಿ ಅಂದಾಜು ಹೇಳುವುದೇ ರೂಢಿ. ನಾಳೆ ಬೆಳಿಗ್ಗೆ 200 ಲೀಟರಿನ ಒಂದು ಡ್ರಮ್ಮನ್ನು ಪೈಪಿನ ಬಾಯಿಗೆ ಇಟ್ಟು ಗಡಿಯಾರ ನೋಡಿ. ನಾಲ್ಕು ನಿಮಿಷ ಚಿಲ್ಲರೆಯಲ್ಲಿ ತುಂಬಿದರೆ ಎರಡು ಇಂಚು, ಎಂಟೂವರೆ ನಿಮಿಷ ಹಿಡಿದರೆ ಒಂದೂವರೆ, ಇಪ್ಪತ್ತಮೂರು ನಿಮಿಷ ದಾಟಿದರೆ ಒಂದೇ ಇಂಚು. ಮೋಟರ್ ಹಾಕಿದ ಐದು ನಿಮಿಷಕ್ಕೆ ಒಮ್ಮೆ, ಒಂದು ಗಂಟೆಗೆ ಒಮ್ಮೆ, ಕರೆಂಟು ಹೋಗುವ ಮುನ್ನ ಒಮ್ಮೆ ಹೀಗೆ ಅಳೆದು ಬರೆದಿಡಿ. ಖರ್ಚಿಲ್ಲದ ಈ ಕೆಲಸವನ್ನು ಲಕ್ಷಗಟ್ಟಲೆ ಸಾಲಕ್ಕೆ ಸಹಿ ಹಾಕುವ ಮೊದಲು ಮಾಡಿದ ರೈತರನ್ನು ನಾನು ಬೆರಳಲ್ಲಿ ಎಣಿಸಬಲ್ಲೆ.

ಈ ಮೂರು ಅಳತೆಗಳು ಒಂದಕ್ಕೊಂದು ಹೇಗಿವೆ ಎಂಬುದರಲ್ಲಿ ಅರ್ಧ ಉತ್ತರ ಅಡಗಿದೆ. ಮೊದಲ ಐದು ನಿಮಿಷ ಭರ್ಜರಿಯಾಗಿ ಬಂದು, ನಲವತ್ತು ನಿಮಿಷದ ಮೇಲೆ ಗಾಳಿ ಬೆರೆತು, ಆಮೇಲೆ ಗ್ಯಾಪು ಕೊಡಲು ಶುರುವಾದರೆ, ಪಂಪು ಎತ್ತುವಷ್ಟು ವೇಗದಲ್ಲಿ ಸೆಲೆಗಳು ಬಾವಿಯನ್ನು ತುಂಬುತ್ತಿಲ್ಲ ಎಂದು ಅರ್ಥ. ಆಗ ಸೊರಗಿರುವುದು ಬಾವಿ. ಮೊದಲಿನಿಂದ ಕೊನೆಯವರೆಗೂ ಒಂದೇ ಸಮನೆ ಸಣ್ಣಗೆ ಬರುತ್ತಿದ್ದರೆ ಬಾವಿಯಲ್ಲಿ ನೀರಿದ್ದು ಪಂಪು ಎತ್ತುತ್ತಿಲ್ಲದಿರಬಹುದು: ಪಂಪಿನ ಸ್ಟೇಜುಗಳು, ಅಂದರೆ ನೀರನ್ನು ಮೇಲೆತ್ತುವ ಒಳಚಕ್ರಗಳು, ಮರಳಿನಿಂದ ಸವೆದಿರಬಹುದು, ವೋಲ್ಟೇಜ್ ಸಾಲದಿರಬಹುದು, ಒಳಗಿನ ಪೈಪಿನ ಜಾಯಿಂಟ್ ಬಿಟ್ಟುಕೊಂಡು ಎತ್ತಿದ ನೀರು ಅಲ್ಲಿಯೇ ಕೆಳಗೆ ಸುರಿಯುತ್ತಿರಬಹುದು. ಈ ಕೊನೆಯದನ್ನು ಕಂಡುಹಿಡಿಯಲು ಇಂಜಿನಿಯರ್ ಬೇಡ. ಮಧ್ಯಾಹ್ನ ಸದ್ದಿಲ್ಲದ ಹೊತ್ತಿನಲ್ಲಿ ಮೋಟರ್ ಆಫ್ ಮಾಡಿ ಕೇಸಿಂಗ್ ಪೈಪಿನ ಬಾಯಿಗೆ ಕಿವಿಯಿಟ್ಟು ಐದು ನಿಮಿಷ ಕುಳಿತುಕೊಳ್ಳಿ. ಒಳಗೆ ಮಳೆ ಹನಿದಂತೆ ಬಿಡದೆ ಸುರಿಯುವ ಸದ್ದು ಕೇಳಿದರೆ, ಬಂಡೆಯ ಸೆಲೆಯಿಂದಲೂ ಅದು ಬರಬಹುದು, ತೂತಾದ ಪೈಪಿನಿಂದಲೂ ಬರಬಹುದು. ಆದರೆ ಸ್ವಲ್ಪ ಹೊತ್ತಿಗೇ ಆ ಸದ್ದು ನಿಂತು, ಮತ್ತೆ ಮೋಟರ್ ಹಾಕಿದಾಗ ನೀರು ಮೇಲೆ ಬರಲು ಮೊದಲಿಗಿಂತ ಬಹಳ ತಡವಾದರೆ ಪೈಪನ್ನೇ ಅನುಮಾನಿಸಿ. ಇಂಥ ಬೋರುಗಳ ಮೋಟರ್ ಎತ್ತಿಸಿ ನೋಡಿದಾಗ ನಡುವಿನ ಪೈಪಿನಲ್ಲಿ ಕೈಬೆರಳು ತೂರುವಷ್ಟು ಸೀಳು ಇದ್ದದ್ದನ್ನು ನಾನು ಒಂದಲ್ಲ, ಹಲವು ಸಲ ಕಂಡಿದ್ದೇನೆ. ಅದರಲ್ಲಿ ಒಂದು ಮನೆಯವರು ಅಷ್ಟರಲ್ಲಾಗಲೇ ಹೊಸದಾಗಿ ಎರಡು ಬೋರು ಕೊರೆಸಿ ಎರಡರಲ್ಲೂ ಧೂಳು ಕಂಡಿದ್ದರು.

ಮೋಟರ್ ಎತ್ತಿಸುವುದಾದರೆ ಆಗಲೇ ಬಾವಿಯ ಈಗಿನ ಆಳವನ್ನೂ ಅಳೆಸಿ. 420 ಅಡಿ ಕೊರೆಸಿದ್ದು ಅಂದು. ಕೆಸರು, ಕಲ್ಲುಪುಡಿ ಕೂತು ಇಂದು ಎಷ್ಟು ಉಳಿದಿದೆಯೋ ಗೊತ್ತಿಲ್ಲ. ಹೂಳು ತುಂಬಿದ್ದರೆ ಕಂಪ್ರೆಸರ್ ಗಾಳಿಯಿಂದ ಹೂಳನ್ನು ಹೊರದೂಡಿಸಿ ಫ್ಲಶಿಂಗ್ ಮಾಡಿಸಬಹುದು, ಹೊಸ ಬೋರಿನ ಖರ್ಚಿನ ಮುಂದೆ ಅದು ಸಣ್ಣ ಬಾಬ್ತು. ಗ್ಯಾಪು ಕೊಡುವುದು ಬಾವಿಯ ದೋಷವೇ ಎಂದು ಖಚಿತವಾದರೂ ಇನ್ನೊಂದು ದಾರಿ ಇದೆ: ಟೈಮರ್ ಅಳವಡಿಸಿ, ನಲವತ್ತು ನಿಮಿಷ ಓಡಿಸಿ, ಒಂದು ಗಂಟೆ ಬಿಟ್ಟು, ಮತ್ತೆ ಓಡಿಸಿ, ನೀರನ್ನು ತೊಟ್ಟಿಯಲ್ಲಿ ಕೂಡಿಸುವುದು. ಬಾವಿ ಬರಿದಾದ ಮೇಲೂ ಪಂಪು ಓಡಿಸಿ ಮೋಟರ್ ಸುಡುವುದಕ್ಕಿಂತ ಇದು ಎಷ್ಟೋ ಮೇಲು.

ಇನ್ನು ತೋಟಕ್ಕೆ ಎಷ್ಟು ಬೇಕು? ಒಂಬತ್ತು ಅಡಿ ಅಂತರದಲ್ಲಿ ನೆಟ್ಟಿದ್ದರೆ ಎಕರೆಗೆ ಸುಮಾರು 535 ಮರ, ನಿಮ್ಮ ಮೂರು ಎಕರೆಗೆ 1,600. ಬೇಸಿಗೆಯಲ್ಲಿ ಹನಿ ನೀರಾವರಿಗೆ ದಿನಕ್ಕೆ ಮರವೊಂದಕ್ಕೆ 16ರಿಂದ 20 ಲೀಟರ್ ಶಿಫಾರಸು. ಇಪ್ಪತ್ತರ ಲೆಕ್ಕ ಹಿಡಿದರೆ ದಿನಕ್ಕೆ 32,000 ಲೀಟರ್. ಮೂರು ಫೇಸ್ ಕರೆಂಟು ಏಳು ಗಂಟೆ ಸಿಕ್ಕಿತು ಎಂದುಕೊಂಡರೆ, ಹಿಂದಿನ ಎರಡೂವರೆ ಇಂಚು ದಿನಕ್ಕೆ 35,000 ಲೀಟರ್ ಕೊಡುತ್ತಿತ್ತು, ಸಾಕಾಗುತ್ತಿತ್ತು. ಈಗಿನ ಒಂದೂವರೆ ಇಂಚು ಕೊಡುವುದು 10,000 ಲೀಟರಿಗೂ ಕಡಿಮೆ. ಇದು ಡ್ರಿಪ್ ಲೆಕ್ಕ. ನೀವು ಡ್ರಿಪ್ಪರ್ ಕಿತ್ತು ಬುಡಕ್ಕೆ ಹರಿನೀರು ಬಿಡುತ್ತಿದ್ದೇವೆ ಎಂದು ಹೇಗೋ ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನನ್ನ ಕಣ್ಣು ಅಲ್ಲೇ ನಿಂತಿತು. ಹರಿನೀರಿನಲ್ಲಿ ನಾಲ್ಕೈದು ದಿನಕ್ಕೊಮ್ಮೆ ಮರಕ್ಕೆ 175–200 ಲೀಟರ್ ಹೋಗುತ್ತದೆ, ಅಂದರೆ ಡ್ರಿಪ್ಪಿನ ಸುಮಾರು ಎರಡು ಪಟ್ಟು. ಬಾವಿ ಸೊರಗುತ್ತಿರುವ ಹೊತ್ತಿನಲ್ಲಿ ಬಳಕೆಯನ್ನು ಇಮ್ಮಡಿ ಮಾಡಿಕೊಂಡಿದ್ದೀರಿ. ಡ್ರಿಪ್ಪರ್ ಕಟ್ಟಿಕೊಂಡದ್ದು ಯಾಕೆ ಎಂದು ಆಗ ಯಾರನ್ನಾದರೂ ಕೇಳಿದ್ದಿರಾ? ನಮ್ಮ ಗಡಸು ನೀರಿನ ಸುಣ್ಣದ ಅಂಶ ಬಾಯಿಗೆ ಕಟ್ಟಿಕೊಳ್ಳುತ್ತದೆ, ಅದಕ್ಕೆ ಆಮ್ಲದಿಂದ ತೊಳೆಯುವ ಕ್ರಮ ಇದೆ, ಫಿಲ್ಟರ್ ಇದೆ. ತೋಟಗಾರಿಕೆ ಇಲಾಖೆಯವರಲ್ಲಿ ವಿಚಾರಿಸಿದ್ದರೆ ಅಂದೇ ಬಗೆಹರಿಯುತ್ತಿದ್ದ ಕೆಲಸ.

ಹಾಗೆಯೇ ಆ ಮೂರು ವರ್ಷದ ಸಸಿಗಳು. ಅವನ್ನು ನೆಡುವ ವರ್ಷ ಬಾವಿಯಲ್ಲಿ ನೀರು ಹೇಗಿತ್ತು? ನೀರು ಕಡಿಮೆಯಾಯಿತೋ, ಕುಡಿಯುವ ಬಾಯಿ ಹೆಚ್ಚಾಯಿತೋ ಎಂಬುದನ್ನು ಬಿಡಿಸಿ ನೋಡದೆ "ಬೋರು ಫೇಲ್ ಆಯಿತು" ಎಂದುಬಿಡುವುದು ನಮ್ಮಲ್ಲಿ ಸಾಮಾನ್ಯ. ಚನ್ನಗಿರಿಯಿಂದ ಹೊಳಲ್ಕೆರೆಯವರೆಗೆ ಕಳೆದ ಎರಡು ದಶಕಗಳಲ್ಲಿ ರಾಗಿ, ಜೋಳ, ಶೇಂಗಾ ಬೆಳೆಯುತ್ತಿದ್ದ ಮಸಾರೆ ಹೊಲಗಳೂ ಅಡಿಕೆ ತೋಟಗಳಾಗಿರುವುದು ನಿಮಗೆ ಗೊತ್ತಿರುವ ಸಂಗತಿಯೇ.

ಈಗ ಆಕಾಶದ ಲೆಕ್ಕ. ವರ್ಷಕ್ಕೆ 600 ಮಿಲಿಮೀಟರ್ ಮಳೆ ಎಂದಿಟ್ಟುಕೊಂಡರೆ ಒಂದು ಎಕರೆಯ ಮೇಲೆ 24 ಲಕ್ಷ ಲೀಟರ್ ನೀರು ಬೀಳುತ್ತದೆ. ಇದರಲ್ಲಿ ಹೆಚ್ಚಿನದು ಹರಿದು, ಆವಿಯಾಗಿ, ಬೆಳೆಗೆ ಬಳಕೆಯಾಗಿ ಹೋಗುತ್ತದೆ. ನಮ್ಮದರಂಥ ಗಟ್ಟಿಶಿಲೆಯ ನೆಲದಲ್ಲಿ ಆಳಕ್ಕೆ ಇಂಗುವುದು ನೂರಕ್ಕೆ ಎಂಟರಷ್ಟು ಎಂದು ಹಿಡಿದರೆ ಎಕರೆಗೆ ಎರಡು ಲಕ್ಷ ಲೀಟರಿಗೂ ತುಸು ಕಡಿಮೆ. ನಿಮ್ಮ ತೋಟ ಡಿಸೆಂಬರಿನಿಂದ ಮೇ ವರೆಗೆ 150 ದಿನ ನೀರುಣ್ಣುತ್ತದೆ, ಡ್ರಿಪ್ಪಿನಲ್ಲಾದರೂ 48 ಲಕ್ಷ ಲೀಟರ್. ಅಂದರೆ ನಿಮ್ಮ ಮೂರು ಎಕರೆ ತೋಟ ಸುಮಾರು 25 ಎಕರೆಗೆ ಬಿದ್ದ ಮಳೆಯ ಇಂಗುನೀರನ್ನು ಕುಡಿಯುತ್ತಿದೆ. ಉಳಿದ 22 ಎಕರೆ ಯಾರದು? ಅಕ್ಕಪಕ್ಕದವರದು. ಅವರ ಹೊಲದಲ್ಲಿ ಬೋರು ಇಲ್ಲದಿದ್ದ ಕಾಲದಲ್ಲಿ ಈ ಲೆಕ್ಕ ನಡೆಯಿತು. ಈಗ ಅವರೂ ತೋಟ ಮಾಡಿದ್ದಾರೆ. ಚಿತ್ರದುರ್ಗ ಜಿಲ್ಲೆಯ ಬಹುಪಾಲು ತಾಲ್ಲೂಕುಗಳನ್ನು ಅಂತರ್ಜಲ ಅತಿಬಳಕೆಯ ಪ್ರದೇಶವೆಂದು, ಅಂದರೆ ವರ್ಷಕ್ಕೆ ಇಂಗುವುದಕ್ಕಿಂತ ಹೆಚ್ಚು ಮೇಲೆತ್ತುವ ಪ್ರದೇಶವೆಂದು ಗುರುತಿಸಿರುವುದರ ಹಿಂದೆ ಇರುವುದು ಇದೇ ಕೂಡು-ಕಳೆ. ಹಳೆಯ ಬೋರಿನಿಂದ ಅರವತ್ತು ಅಡಿಗೆ ಹೊಸದನ್ನು ಕೊರೆದರೆ, ಎರಡೂ ಒಂದೇ ಸೆಲೆಗೆ ತಾಕುವ ಸಂಭವವೇ ಹೆಚ್ಚು. ಒಂದೇ ಎಳನೀರಿಗೆ ಎರಡು ಕೊಳವೆ ಹಾಕಿದಂತೆ. ಎಳನೀರು ಬೇಗ ಖಾಲಿಯಾಗುತ್ತದೆ, ಹೆಚ್ಚಾಗುವುದಿಲ್ಲ.

ನಿಮ್ಮ ಅಪ್ಪಾಜಿಯವರನ್ನು ಒಂದು ಮಾತು ಕೇಳಿ: 2022ರಲ್ಲಿ ಬೋರು ಏನು ಮಾಡಿತು? ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು ಆ ವರ್ಷ, ಜಿಲ್ಲೆಯ ಯಾವ ರೈತನೂ ಅದನ್ನು ಮರೆತಿರಲಾರ. ಆ ಮಳೆಗೆ ನಿಮ್ಮ ಬಾವಿಯ ನೀರು ಏರಿತ್ತು ಎಂದಾದರೆ, ಬಾವಿಗೂ ಮಳೆಗೂ ನಡುವಿನ ದಾರಿ ಇನ್ನೂ ತೆರೆದಿದೆ, ಇಂಗಿಸಿದ ನೀರು ನಿಮಗೆ ಮರಳಿ ಸಿಗುತ್ತದೆ; ಆಗ ಹಣವನ್ನು ಕೃಷಿ ಹೊಂಡಕ್ಕೋ ಬೋರಿನ ಸುತ್ತ ಇಂಗುಗುಂಡಿಗೋ ಹಾಕುವುದು ಸಾರ್ಥಕ. ಅಂಥ ಮಳೆಗೂ ಅದು ಕದಲಲಿಲ್ಲ ಎಂದಾದರೆ ದೋಷ ಬಾವಿಯೊಳಗಿನದು, ಇಲ್ಲವೇ ನಿಮ್ಮ ಸೆಲೆಗೆ ನೀರು ಬರುವ ಹಾದಿಯಲ್ಲಿ ಏನೋ ಆಗಿದೆ. ದುರ್ಗದ ಕೋಟೆಗೆ ಹೋದಾಗ ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡಗಳನ್ನು ನೋಡಿರುತ್ತೀರಿ. ಮೇಲಿನದು ತುಂಬಿ ಹೆಚ್ಚಾದ ನೀರು ಕೆಳಗಿನದಕ್ಕೆ ಇಳಿಯುವಂತೆ ಮಾಡಿದ ಸಾಲು ಅದು. ಮಳೆ ಬಿದ್ದಾಗ ಬಂಡೆಯ ಮೇಲೆ ನೀರು ಯಾವ ಕಡೆ ಓಡುತ್ತದೆ ಎಂದು ಎಷ್ಟು ಮಳೆಗಾಲ ನಿಂತು ನೋಡಿದ ಮೇಲೆ ಕಟ್ಟಿದರೋ, ನನಗಂತೂ ಆ ನೋಡಿದವರ ಮೇಲೆಯೇ ಹೆಚ್ಚು ಗೌರವ.

ನೆರೆಯವರನ್ನು ಕೇಳುವಾಗ ಪ್ರಶ್ನೆಯನ್ನು ಸ್ವಲ್ಪ ತಿದ್ದಿಕೊಳ್ಳಿ. "ಎಷ್ಟು ಅಡಿ ಕೊರೆಸಿದಿರಿ" ಎಂದು ಕೇಳಿದರೆ ಎಂಟುನೂರು, ಸಾವಿರ ಎಂಬ ಉತ್ತರ ಬರುತ್ತದೆ. "ನೀರು ಎಷ್ಟು ಅಡಿಗೆ ಸಿಕ್ಕಿತು" ಎಂದು ಕೇಳಿ. ನಮ್ಮದು ಕಣಶಿಲೆ, ಪದರುಶಿಲೆಗಳ ಸೀಮೆ; ನೀರಿರುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ. ಆಳಕ್ಕೆ ಹೋದಂತೆ ಬಂಡೆಯ ಭಾರಕ್ಕೆ ಬಿರುಕುಗಳು ಬಿಗಿಯಾಗುತ್ತವೆ, ವಿರಳವಾಗುತ್ತವೆ. ಸಿಗುವುದೇ ಇಲ್ಲ ಎಂದು ನಾನು ಹೇಳಲಾರೆ, ಸಿಕ್ಕ ಉದಾಹರಣೆಗಳಿವೆ. ಆದರೆ ಬಹಳಷ್ಟು ಬೋರುಗಳಲ್ಲಿ ನೀರು ಸಿಕ್ಕಿದ್ದು ಇನ್ನೂರು, ಮುನ್ನೂರರ ಒಳಗೆ. ಅಲ್ಲಿಂದಾಚೆ ಕೊರೆದದ್ದು ಆಸೆ.

ಪ್ರಶ್ನೆ ಕೇಳದೆ ಮುನ್ನುಗ್ಗಿದವರ ಪಟ್ಟಿಯಲ್ಲಿ ನನ್ನ ಹೆಸರೂ ಇದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಜಗಳೂರು ಕಡೆಯ ಒಂದು ಹಳ್ಳಿಗೆ ಭೂಮಿಯ ವಿದ್ಯುತ್ ರೋಧ ಅಳೆಯುವ ಯಂತ್ರ ತೆಗೆದುಕೊಂಡು ಹೋಗಿದ್ದೆ. ಅಂದು ಮೂರು ಊರು ಮುಗಿಸಬೇಕಿತ್ತು, ಸಂಜೆಗೆ ಜೀಪು ಹಿಂತಿರುಗಬೇಕಿತ್ತು. ಹೊಲದ ಒಂದು ಕಡೆ ತಂತಿ ಎಳೆದು ಅಳೆದಾಗ ರೋಧ ಚೆನ್ನಾಗಿ ಇಳಿದದ್ದು ಕಂಡಿತು. ನೀರಿರುವ ಪದರದ ಲಕ್ಷಣ. ಗೂಟ ಹೊಡೆಸಿ ಹೊರಟೆ. ಅವರು 380 ಅಡಿ ಕೊರೆಸಿದರು, ಬಿಳಿ ಧೂಳಿನ ಹೊರತು ಏನೂ ಬರಲಿಲ್ಲ. ತಿಂಗಳ ಮೇಲೆ ಆ ಊರಿಗೆ ಮತ್ತೆ ಹೋಗಬೇಕಾಯಿತು. ಆ ಮನೆಯ ಅಜ್ಜಿ ಜಗುಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕುಳಿತಿದ್ದರು. "ಅಲ್ಲಿ ನಮ್ಮ ಮಾವನೋರು ಇಟ್ಟಿಗೆಗೆ ಮಣ್ಣು ತೆಗೆಸಿ ದೊಡ್ಡ ಗುಂಡಿ ಆಗಿತ್ತಪ್ಪಾ, ಆಮೇಲೆ ಕೆರೆಗೋಡು ಹೊಡೆಸಿ ಮುಚ್ಚಿಸಿದ್ರು" ಎಂದರು. ಕೆರೆಯ ಜೇಡಿಮಣ್ಣೂ ನೀರಿನ ಪದರದಂತೆಯೇ ಕಡಿಮೆ ರೋಧ ತೋರಿಸುತ್ತದೆ. ನನ್ನ ಯಂತ್ರ ಸುಳ್ಳು ಹೇಳಿರಲಿಲ್ಲ, ನಾನು ಅದನ್ನು ತಪ್ಪಾಗಿ ಓದಿದ್ದೆ. ಅಂದೇ ಹೇಳಬಾರದಿತ್ತೇ ಎಂದದ್ದಕ್ಕೆ ಆಕೆ, "ನೀವು ಕೇಳ್ಲಿಲ್ಲ, ಸಾಹೇಬ್ರೆ. ಮಿಷನ್ ಹಿಡ್ಕಂಡು ಬಂದೋರಿಗೆ ನಾನೇನು ಹೇಳ್ಲಿ" ಎಂದು ಮತ್ತೆ ಹುಣಸೆಹಣ್ಣಿಗೆ ಕೈಹಾಕಿದರು. ಅಂದಿನಿಂದ ಯಾವ ಹೊಲಕ್ಕೆ ಹೋದರೂ ಯಂತ್ರ ಬಿಚ್ಚುವ ಮೊದಲು ಮನೆಯ ಹಿರಿಯರಲ್ಲಿ ಒಬ್ಬರನ್ನು ಕರೆದುಕೊಂಡು ಬದುಗಳ ಮೇಲೆ ಒಂದು ಸುತ್ತು ಹಾಕುತ್ತೇನೆ. ಇಲ್ಲಿ ಹಿಂದೆ ಏನಿತ್ತು, ಸೇದುವ ಬಾವಿ ಎಲ್ಲಿತ್ತು, ಅದು ಯಾವ ವರ್ಷ ಬತ್ತಿತು, ಬೇಸಿಗೆಯಲ್ಲಿ ಕೊನೆಯವರೆಗೆ ಹಸಿರಾಗಿರುವ ಮರ ಯಾವುದು.

ತೆಂಗಿನಕಾಯಿಯ ಬಗ್ಗೆ ನೀವು ನೇರವಾಗಿ ಕೇಳಿಲ್ಲ, ಆದರೂ ಹೇಳಬೇಕು. ಅಂಗೈ ಮೇಲೆ ಕಾಯಿ ಎದ್ದು ನಿಲ್ಲುವುದಕ್ಕೂ ಎಂಟುನೂರು ಅಡಿ ಕೆಳಗಿನ ನೀರಿಗೂ ಯಾವ ಸಂಬಂಧವನ್ನೂ ವಿಜ್ಞಾನ ಕಂಡಿಲ್ಲ. ನೀರು ನೋಡುವ ಕೆಲವರು ನೆಲದ ಇಳಿಜಾರು, ಗಿಡಮರ, ಸುತ್ತಲಿನ ಬಾವಿಗಳನ್ನು ಕಂಡು ಒಳ್ಳೆಯ ಅಂದಾಜು ಮಾಡಬಲ್ಲವರು, ಅದು ಅವರ ಅನುಭವ, ಕಾಯಿಯದಲ್ಲ. ನಮ್ಮ ಯಂತ್ರವೂ ಸರ್ವಜ್ಞ ಅಲ್ಲ. ಶಿಥಿಲ ಪದರದ ದಪ್ಪವನ್ನು ಅದು ಚೆನ್ನಾಗಿ ಹೇಳುತ್ತದೆ, ಆಳದ ಸಣ್ಣ ಬಿರುಕನ್ನು ಹೇಳುವಲ್ಲಿ ಎಡವುತ್ತದೆ. ಯಾರೇ ಆಗಲಿ, ಭೂಗರ್ಭ ಶಾಸ್ತ್ರಜ್ಞರೇ ಆಗಲಿ, "ಮೂರು ಇಂಚು ಖಚಿತ" ಎಂದರೆ ನೀವು ಕೇಳಬೇಕಾದದ್ದು ಒಂದೇ: ನೀವು ಪಾಯಿಂಟ್ ಮಾಡಿಕೊಟ್ಟು ನೀರು ಬಾರದ ಮೂರು ಹೊಲ ಯಾವುವು, ಯಾಕೆ ಬರಲಿಲ್ಲ? ಹಾಗೆ ಬಾರದ ಹೊಲವೇ ಇಲ್ಲ ಎನ್ನುವವರಿಗೆ ಕಾಯಿಯ ದಕ್ಷಿಣೆ ಕೊಟ್ಟು ಕೈಮುಗಿದು ಕಳಿಸಿಬಿಡಿ.

ಇಷ್ಟೆಲ್ಲ ಆದ ಮೇಲೂ ಕೊರೆಸಲೇಬೇಕು ಎಂದು ತೀರ್ಮಾನವಾದರೆ, ಎಷ್ಟು ಅಡಿಗೆ ನಿಲ್ಲಿಸಬೇಕು ಎಂಬುದನ್ನು ಗಾಡಿ ಬರುವ ಹಿಂದಿನ ದಿನವೇ ಮನೆಯಲ್ಲಿ ಕುಳಿತು ನಿರ್ಧರಿಸಿ ಕಾಗದದ ಮೇಲೆ ಬರೆಯಿರಿ. ಕೊರೆಯುವ ರಾತ್ರಿ ಹೇಗಿರುತ್ತದೆ ಎಂದು ನನಗೆ ಗೊತ್ತು. ಕಂಪ್ರೆಸರಿನ ಅಬ್ಬರದಲ್ಲಿ ಪಕ್ಕದವರ ಮಾತೂ ಕೇಳಿಸುವುದಿಲ್ಲ, ಮುಖ-ಮೈಯೆಲ್ಲ ಹಿಟ್ಟಿನಂಥ ಕಲ್ಲುಪುಡಿ, ಅಮ್ಮ ಊದುಬತ್ತಿ ಹಚ್ಚಿಟ್ಟು ಬದುವಿನ ಮೇಲೆ ಕುಳಿತಿರುತ್ತಾರೆ. ಐದುನೂರು ಅಡಿಗೆ ಧೂಳು, ಆರುನೂರಕ್ಕೆ ಧೂಳು. ರಾತ್ರಿ ಎರಡು ಗಂಟೆಗೆ ಗಾಡಿಯ ಮೇಸ್ತ್ರಿ ಕೆಳಗಿಳಿದು ಬಂದು "ಇನ್ನೊಂದು ನೂರು ಹೋಗೋಣ, ಕಲ್ಲಿನ ಬಣ್ಣ ತಿರುಗ್ತಾ ಇದೆ" ಎನ್ನುತ್ತಾನೆ. ಆಳ ಹೆಚ್ಚಿದಂತೆ ಅಡಿಯ ದರವೂ ಹಂತ ಹಂತವಾಗಿ ಏರುತ್ತದೆ ಎಂಬುದು ಆ ಹೊತ್ತಿನಲ್ಲಿ ಯಾರಿಗೂ ನೆನಪಿರುವುದಿಲ್ಲ. ಇಷ್ಟು ಹಾಕಿದ್ದೇವೆ, ಈಗ ಬಿಟ್ಟರೆ ಎಲ್ಲ ದಂಡ ಎನಿಸುತ್ತದೆ. ಹೋದ ಹಣ ಹೋಯಿತು. ಮುಂದಿನ ನೂರು ಅಡಿಯಲ್ಲಿ ನೀರು ಸಿಗಲು ಕಾರಣವಿದೆಯೇ ಎಂಬುದಷ್ಟೇ ಆಗ ಕೇಳಬೇಕಾದದ್ದು, ಮತ್ತು ನಿದ್ದೆಗೆಟ್ಟ ಮನುಷ್ಯನಿಗೆ ಆ ಪ್ರಶ್ನೆ ಹೊಳೆಯುವುದಿಲ್ಲ. ಆದ್ದರಿಂದಲೇ ಬರೆದ ಕಾಗದ. ಅದನ್ನು ನಿಮ್ಮ ಬಳಿಯೂ ಅಪ್ಪಾಜಿಯವರ ಬಳಿಯೂ ಬೇಡ, ಸಾಲದಲ್ಲಿ ಪಾಲಿಲ್ಲದ ಒಬ್ಬ ನೆಂಟರ ಜೇಬಿನಲ್ಲಿಡಿ. ದರದ ಹಂತಗಳು, ಕೇಸಿಂಗಿನ ಬೆಲೆ, ಬಾವಿ ಕುಸಿದರೆ ಯಾರ ಹೊಣೆ ಎಂಬುದೆಲ್ಲ ಏಜೆಂಟರಿಂದ ಮೊದಲೇ ಬರಹದಲ್ಲಿ ಇರಲಿ.

ಕಾನೂನಿನದೂ ಒಂದೆರಡು ಮಾತು. ಕೊರೆಯುವುದಕ್ಕೆ ಹದಿನೈದು ದಿನ ಮೊದಲು ಸಂಬಂಧಪಟ್ಟ ಅಧಿಕಾರಿಗೆ ಲಿಖಿತವಾಗಿ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲಿಯೇ ಸೂಚಿಸಿದೆ. ಅಧಿಸೂಚಿತ ತಾಲ್ಲೂಕುಗಳಲ್ಲಿ 2011ರ ಅಂತರ್ಜಲ ಕಾಯ್ದೆಯಂತೆ ಅನುಮತಿ ಬೇಕು. ಊರಿನ ಕುಡಿಯುವ ನೀರಿನ ಬಾವಿಯಿಂದ 500 ಮೀಟರ್ ಒಳಗಾದರೆ ಕುಡಿಯುವ ನೀರಿನ ಮೂಲಗಳ ರಕ್ಷಣೆಗಾಗಿ ಬಂದ 1999ರ ಕಾಯ್ದೆಯೂ ಅನ್ವಯಿಸುತ್ತದೆ. ಅಂದರೆ "ನಾಡಿದ್ದು" ಎಂಬುದು ನಿಯಮದ ಪ್ರಕಾರವೂ ಆಗುವ ಮಾತಲ್ಲ. ನೀರು ಬಾರದ ಬೋರನ್ನು ಅದೇ ದಿನ ಮುಚ್ಚಿಸಿ. ಇದರಲ್ಲಿ ಮಾತ್ರ ಯಾವ ಪ್ರಶ್ನೆಯೂ ಬೇಡ, ಒಂದು ಗಂಟೆಯ ತಡವೂ ಬೇಡ.

ಎಲ್ಲಕ್ಕಿಂತ ಕಷ್ಟವಾದದ್ದು ನಿಮಗೆ ಮನೆಯಲ್ಲಿ ಎದುರಾಗುತ್ತದೆ. ಹೊರಟವರನ್ನು "ಎಲ್ಲಿಗೆ" ಎಂದು ಕೇಳಬಾರದು, ಕೆಲಸ ಕೆಡುತ್ತದೆ ಎನ್ನುವ ಜನ ನಾವು. ಪೂಜೆ ಮಾಡಿ ಪಾಯಿಂಟಿಗೆ ಗೂಟ ನೆಟ್ಟ ಮೇಲೆ ಮಗ ಪ್ರಶ್ನೆ ಕೇಳಿದರೆ ಅದು ಅಪಶಕುನವಾಗಿ ಕೇಳಿಸಬಹುದು. ಅಪ್ಪಾಜಿಯವರ ಮುಂದೆ ನನ್ನ ಲೆಕ್ಕಗಳನ್ನು ಓದಿ ವಾದಕ್ಕೆ ನಿಲ್ಲಬೇಡಿ. ಅವರು ದುಡುಕುತ್ತಿರುವುದು ತಿಳಿವಳಿಕೆ ಇಲ್ಲದೆ ಅಲ್ಲ, ಸ್ವಂತ ಕೈಯಿಂದ ಕಟ್ಟಿದ ತೋಟ ಕಣ್ಣೆದುರಿಗೆ ಒಣಗುವುದನ್ನು ನೋಡಲಾಗದೆ. "ಅಪ್ಪಾಜಿ, ಡ್ರಮ್ಮಿಗೆ ನೀರು ಹಿಡಿದು ನೋಡೋಣ, ನೀವು ಸ್ಟಾರ್ಟರ್ ಹಾಕಿ" ಎಂದು ಕರೆಯಿರಿ. ಬಾವಿಯ ಚರಿತ್ರೆ ಅವರಿಗೆ ಗೊತ್ತು, ನಿಮಗಲ್ಲ. ಹೇಳಲು ಶುರು ಮಾಡಿದರೆ ಅರ್ಧ ಪ್ರಶ್ನೆಗಳನ್ನು ಅವರೇ ಕೇಳಿಕೊಳ್ಳುತ್ತಾರೆ.

ಈ ಹತ್ತು ದಿನ ತೋಟವನ್ನು ಹೀಗೆ ಕಾಯಿರಿ. ಬಿದ್ದ ಸೋಗೆ, ಹಾಳೆ, ಅಡಿಕೆ ಸಿಪ್ಪೆ ಏನಿದೆಯೋ ಎಲ್ಲವನ್ನೂ ಬುಡಕ್ಕೆ ದಪ್ಪಗೆ ಮುಚ್ಚಿ. ಇರುವ ನೀರಲ್ಲಿ ಮೂರು ವರ್ಷದ ಸಸಿಗಳಿಗೆ ಮೊದಲ ಪಾಲು. ದೊಡ್ಡ ಮರಗಳಿಗೆ ಸಾಲು ಬಿಟ್ಟು ಸಾಲು ಸರದಿ. ಒಂದು ಎಕರೆಯ ಡ್ರಿಪ್ಪನ್ನಾದರೂ ತೊಳೆಸಿ ಮತ್ತೆ ಜೋಡಿಸಿ. ನೀರು ತೀರಾ ಸಾಲದಿದ್ದರೆ ಸಸಿಗಳಿಗಷ್ಟೇ ಟ್ಯಾಂಕರ್ ತರಿಸಿ; ದುಬಾರಿ ಎನಿಸಿದರೂ ಮೂರು ಲಕ್ಷದ ಸಾಲದ ಮುಂದೆ ಅದು ಸಣ್ಣದು.

ಇನ್ನು ನಿಮ್ಮ ಮೂಲ ಪ್ರಶ್ನೆ: ಆ ಪಾಯಿಂಟ್ ಸರಿಯೇ? ಹಳೆಯ ಬೋರಿಗೆ ಅರವತ್ತು ಅಡಿಯಲ್ಲಿ ಬೇಡ ಎಂದಷ್ಟೇ ಇಂದು ಹೇಳಬಲ್ಲೆ. ಬೇರೆಲ್ಲಿ ಎಂಬುದಕ್ಕೆ ನನಗೆ ಬೇಕಾದದ್ದು ಡ್ರಮ್ಮಿನ ಮೂರು ಅಳತೆ, ಬೆಳಿಗ್ಗೆ ಮೋಟರ್ ಹಾಕುವ ಮುನ್ನ ನೀರು ಎಷ್ಟು ಅಡಿಯಲ್ಲಿದೆ ಎಂಬುದು, ಸುತ್ತಲಿನ ಐದಾರು ಬೋರುಗಳಿಗೆ ನೀರು ಸಿಕ್ಕ ಆಳ ಮತ್ತು ವರ್ಷ, ಹಳ್ಳ ಯಾವ ಕಡೆಗಿದೆ ಎಂದು ತೋರಿಸುವ ಕೈಬರಹದ ಒಂದು ನಕ್ಷೆ. ಇವನ್ನು ಕಳಿಸಿದರೆ ಮುಂದಿನದನ್ನು ಬರೆಯುತ್ತೇನೆ. ಡ್ರಮ್ ತುಂಬುವಾಗ ಗಡಿಯಾರ ನೋಡಲು ಒಬ್ಬರೇ ನಿಲ್ಲಿ. ಇಬ್ಬರಿದ್ದರೆ ಮಾತಿಗೆ ಶುರುವಾಗಿ ನೀರು ಹೊರಚೆಲ್ಲಿದ ಮೇಲೆ ನೆನಪಾಗುತ್ತದೆ.